ಡಬ್ಬದ ಪೂಜೆ

ನನ್ನ ಅಕ್ಕನ ಮಗನಿಗೆ ಹದಿನೇಳು. ಎರಡು ವರ್ಷದಿಂದ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಯಾರು ಎಷ್ಟು ಕೊಟ್ಟರೂ ಕೂಡಿಡುತ್ತಿದ್ದ. ಯಾಕೆಂದು ಕೇಳಿದರೆ ಹೇಳುತ್ತಿರಲಿಲ್ಲ. ಈ ಯುಗಾದಿಗೆ ಶಿವಮೊಗ್ಗಕ್ಕೆ ಹೋದಾಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಹಳದಿಗೆ ತಿರುಗಿದ ಬೂದು ಬಣ್ಣದ ಪೆಟ್ಟಿಗೆ, ಎರಡು ರಿಮೋಟು, ಒಂದು ಕ್ಯಾಸೆಟ್. ಅಮೆರಿಕದಲ್ಲಿ ಮಾರಾಟವಾಗಿದ್ದ ಹಳೆಯ ನಿಂಟೆಂಡೊ. ಮಾರುವವನು ಕೇಳಿದ್ದು ಇಪ್ಪತ್ತೆರಡು ಸಾವಿರ, ಕ್ಯಾಸೆಟ್ಟಿಗೆ ಬೇರೆ ದುಡ್ಡು.

"ಇನ್ನೂ ಆರು ಸಾವಿರ ಆಗ್ಬೇಕು ಮಾವ. ಆಮೇಲೆ ಕಾಂಟ್ರಾ ಆಡ್ತೀನಿ."

"ನಿಮ್ಮಪ್ಪನ ಹಳೇ ಲ್ಯಾಪ್‌ಟಾಪಲ್ಲೇ ಆಡಬಹುದಲ್ಲೋ, ಇವತ್ತೇ?"

"ಅದು ಎಮ್ಯುಲೇಟರ್. ಅಸಲಿ ಅಲ್ಲ. ಹಂಗೆ ಆಡಿ, ಆಡಿದೀನಿ ಅಂತ ಹೇಳೋಕಾಗಲ್ಲ."

ಆ ಮಾತು ಅವನ ಸ್ವಂತದ್ದಲ್ಲ. ಹಳೆಯ ವಿಡಿಯೋ ಗೇಮುಗಳ ಬಗ್ಗೆ ಮಾತಾಡುವವರಲ್ಲಿ ಬಹುಪಾಲು ಜನ ಹಿಡಿದಿರುವ ನಂಬಿಕೆ ಅದು. ಹಳೆಯ ಆಟವನ್ನು ಹಳೆಯ ಯಂತ್ರದಲ್ಲೇ, ಕಂಪನಿಯ ಅಸಲಿ ಕ್ಯಾಸೆಟ್ಟಿನಲ್ಲೇ, ಪಿಕ್ಚರ್ ಟ್ಯೂಬಿನ ಟಿವಿಯಲ್ಲೇ ಆಡಬೇಕು. ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ತಂತ್ರಾಂಶ, ಹಾಕಿ ಆಡಿದರೆ ಅದು ಆಟದ ನೆರಳು ಮಾತ್ರ. ಹಾಗೆ ಆಡುವವರು ಜಿಪುಣರು, ಇಲ್ಲವೇ ಕಳ್ಳರು. ಇದನ್ನು ಹೇಳುವವರು ದೊಡ್ಡ ಕಪಾಟಿನ ಮುಂದೆ ಕೂತು ಹೇಳುತ್ತಾರೆ. ಕಪಾಟಿನ ತುಂಬ ಡಬ್ಬಗಳು. ಕೇಳುವ ಹುಡುಗನ ಹತ್ತಿರ ಅಂಥ ಕಪಾಟಿಲ್ಲ. ಆಡುವ ಯೋಗ್ಯತೆಯೇ ತನಗಿಲ್ಲ ಎಂದು ಅವನು ತಿಳಿಯುತ್ತಾನೆ. ಈ ನಂಬಿಕೆ ಸುಳ್ಳು. ಹದಿನೇಳರ ಹುಡುಗನನ್ನು ಎರಡು ವರ್ಷ ಆಟದಿಂದ ಆಚೆ ನಿಲ್ಲಿಸಿದ ಸುಳ್ಳು. ಅದಕ್ಕೇ ನನಗೆ ಸಿಟ್ಟು.

ನಾನು ಕಾಂಟ್ರಾ ಆಡಿದ್ದು 1990ರ ದಶಕದ ನಡುವಿನಲ್ಲಿ, ದುರ್ಗಿಗುಡಿಯ ಗೆಳೆಯನೊಬ್ಬನ ಮನೆಯ ಹಜಾರದಲ್ಲಿ. ಅವನ ಚಿಕ್ಕಪ್ಪ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದುಕೊಟ್ಟ 'ಟಿವಿ ಗೇಮ್' ಅದು. ಡಬ್ಬದ ಮೇಲೆ ಲಿಟಲ್ ಮಾಸ್ಟರ್ ಎಂದು ಬರೆದಿತ್ತು. ಇನ್ನೊಂದು ಮನೆಯಲ್ಲಿ ಟರ್ಮಿನೇಟರ್ ಇತ್ತು. ಜಪಾನಿನ ನಿಂಟೆಂಡೊ 1983ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಎಂಬ ಯಂತ್ರವನ್ನು ಯಾರು ಯಾರೋ ನಕಲು ಮಾಡಿ ಕಳಿಸಿದ್ದ ಡಬ್ಬಗಳು ಇವು. ಬಿಚ್ಚಿ ನೋಡಿದರೆ ಒಳಗೆ ಚಿಪ್ಪೂ ಕಾಣುತ್ತಿರಲಿಲ್ಲ, ಅದರ ಮೇಲೆ ಸುರಿದ ಕಪ್ಪು ಅಂಟಿನ ಗುಳ್ಳೆಯೊಂದೇ ಕಾಣುತ್ತಿತ್ತು. ಕ್ಯಾಸೆಟ್ ಹಾಕುವ ಮುಂಚೆ ಬಾಯಲ್ಲಿ ಊದಬೇಕು. ಟಿವಿಯ ಚಾನೆಲ್ ತಿರುಗಿಸುತ್ತ ಚಿತ್ರ ಸಿಗುವ ಜಾಗ ಹುಡುಕಬೇಕು. ಅಡಾಪ್ಟರ್ ಕಾದರೆ ಗೆಳೆಯನ ಅಮ್ಮ ಬಂದು ಸ್ವಿಚ್ ಆರಿಸುತ್ತಿದ್ದರು, ಅದು ತಣ್ಣಗಾಗುವವರೆಗೆ ನಾವು ಹಿತ್ತಲಲ್ಲಿ ಲಗೋರಿ ಆಡುತ್ತಿದ್ದೆವು. ನಿಂಟೆಂಡೊ ಎಂಬ ಹೆಸರನ್ನೇ ನಾನು ಕೇಳಿದ್ದು ಕಾಲೇಜಿಗೆ ಬಂದ ಮೇಲೆ.

ಅಸಲಿ ಯಂತ್ರವೇ ಮಾನದಂಡವಾದರೆ ಆ ಹಜಾರದಲ್ಲಿ ಕೂತಿದ್ದ ನಾವು ಆರು ಜನರೂ ಕಾಂಟ್ರಾ ಆಡಿಲ್ಲ. ಕರ್ನಾಟಕದ ಊರೂರಿನಲ್ಲಿ ಬೇಸಿಗೆ ರಜೆಗೆ ಗಂಟೆಯ ಲೆಕ್ಕದಲ್ಲಿ ಟಿವಿ ಗೇಮ್ ಬಾಡಿಗೆಗೆ ತಂದವರು ಯಾರೂ ಆಡಿಲ್ಲ. ರಷ್ಯಾದಲ್ಲಿ 1992ರಿಂದ ಸ್ಟೀಪ್ಲರ್ ಎಂಬ ಕಂಪನಿ ಡೆಂಡಿ ಹೆಸರಿನಲ್ಲಿ ಮಾರಿದ್ದು ಇಂಥದೇ ನಕಲಿ ಯಂತ್ರ. ಅಲ್ಲಿನ ಒಂದು ತಲೆಮಾರೂ ಆಡಿಲ್ಲ. ಇಷ್ಟೊಂದು ಜನರ ಬಾಲ್ಯವನ್ನು ಹೊರಗಿಟ್ಟು ಬರೆಯುವ ಈ ಚರಿತ್ರೆ ಯಾರದು? ಅಮೆರಿಕ, ಜಪಾನುಗಳ ಮಧ್ಯಮ ವರ್ಗದ ಮನೆಯ ನೆನಪನ್ನು ಜಗತ್ತಿನ ನೆನಪು ಎಂದು ಒಪ್ಪಿಸಿದ್ದಾರೆ. ನಮ್ಮ ಹುಡುಗರು ಅದನ್ನು ತಮ್ಮದೆಂದು ಒಪ್ಪಿಕೊಂಡು, ತಮ್ಮ ಮಾವಂದಿರು ಆಡಿದ್ದನ್ನು ನಕಲಿ ಎನ್ನುತ್ತಿದ್ದಾರೆ.

ಅಸಲಿ ನಮಗೆ ಸಿಗುತ್ತಲೇ ಇರಲಿಲ್ಲವೆ? ಸಿಗುತ್ತಿತ್ತು. 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಸೆಗಾ ಎಂಬ ಇನ್ನೊಂದು ಗೇಮ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಮೆಗಾ ಡ್ರೈವ್ ಯಂತ್ರವನ್ನು ಭಾರತದಲ್ಲಿ ಮಾರಿತು. ಬೆಲೆ 18,000 ರೂಪಾಯಿ. ನನ್ನ ತಂದೆ ಆಗ ಹೈಸ್ಕೂಲು ಮೇಷ್ಟ್ರು. ಅವರ ನಾಲ್ಕು ತಿಂಗಳ ಸಂಬಳ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ನಕಲಿ ಡಬ್ಬ ಬಂದದ್ದರಿಂದ ನಾವು ಆಡಿದೆವು. ಆ ಡಬ್ಬ ಮಾಡಿದವರು ಧರ್ಮಾತ್ಮರೆಂದು ನಾನು ಹೇಳುತ್ತಿಲ್ಲ. ಆಟ ನಮ್ಮ ಮನೆಗೆ ಬಂದದ್ದು ಆ ದಾರಿಯಲ್ಲಿ ಎಂಬುದು ಮಾತ್ರ ನಿಜ.

ಇನ್ನು ಯಂತ್ರದ ವಿಷಯ. ಹಳೆಯ ಯಂತ್ರದಲ್ಲಿ ಬೇರೆಲ್ಲೂ ಸಿಗದ ಒಂದು ಸತ್ವವಿದೆ ಎನ್ನುವವರು ಆಟವೆಂದರೆ ಏನು ಎಂಬುದನ್ನೇ ಮರೆತಿದ್ದಾರೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದರ ಎಷ್ಟೋ ಪಟ್ಟು ದೊಡ್ಡದು. ಆ 40 ಕಿಲೋಬೈಟಿನಲ್ಲಿ ಮಾರಿಯೋ ಎಷ್ಟು ಎತ್ತರ ಎಗರುತ್ತಾನೆ, ಓಡುತ್ತ ನಿಂತರೆ ಎಷ್ಟು ಜಾರುತ್ತಾನೆ, ಅಣಬೆ ಯಾವ ಇಟ್ಟಿಗೆಯಿಂದ ಬರುತ್ತದೆ ಎಂಬುದೆಲ್ಲ ಬರೆದಿದೆ. ಕೇವಲ 2 ಕಿಲೋಬೈಟ್ ಮೆಮೊರಿಯ ಯಂತ್ರದೊಳಗೆ ಒಂದು ಲೋಕವನ್ನು ಹಿಡಿಸಿದ ಆ ಜಾಣ್ಮೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಆ ಜಾಣ್ಮೆ ಇರುವುದು ಬರಹದಲ್ಲಿ. ಪ್ಲಾಸ್ಟಿಕ್ಕು ಅದರ ರಟ್ಟು.

ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಮನೆಗಳ ಅಟ್ಟದಿಂದ, ಮಠಗಳ ಮೂಲೆಯಿಂದ ತಾಳೆಗರಿಗಳನ್ನು ಹುಡುಕಿ ತಂದು, ಓದಿ, ನಕಲು ಮಾಡಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದರು. ಅದನ್ನು ಓದಿದವರು ವಚನ ಓದಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೆ? ತಾಳೆಗರಿ ಕೈಯಲ್ಲಿ ಹಿಡಿದವನಿಗೆ ಮಾತ್ರ ಬಸವಣ್ಣ ದಕ್ಕುತ್ತಾನೆ ಎಂದರೆ ನಾವು ನಕ್ಕುಬಿಡುತ್ತೇವೆ. ತಾಳೆಗರಿಗೆ ಗೌರವ ಬೇಕು, ಅದನ್ನು ಹುಳು ತಿನ್ನದಂತೆ ಕಾಪಾಡುವವರು ಬೇಕು. ಆದರೆ ಅದರಲ್ಲಿದ್ದದ್ದು ಉಳಿದದ್ದು ನಕಲು ಮಾಡಿದ ಕೈಗಳಿಂದ. ನಮ್ಮ ಸಾಹಿತ್ಯದ ವಿಷಯದಲ್ಲಿ ಇಷ್ಟು ಸರಳವಾಗಿ ತಿಳಿಯುವ ಮಾತು ಆಟದ ವಿಷಯಕ್ಕೆ ಬಂದಾಗ ಯಾಕೆ ತಿಳಿಯುವುದಿಲ್ಲ?

ಹುಳು ತಿನ್ನುವ ಮಾತು ಉಪಮೆಗೆ ಹೇಳಿದ್ದಲ್ಲ. ಅಸಲಿ ಯಂತ್ರ ಸಾಯುತ್ತಿದೆ. ಕೆಪಾಸಿಟರ್ ಸೋರುತ್ತದೆ, ಆಟ ಸೇವ್ ಮಾಡುವ ಕ್ಯಾಸೆಟ್ಟುಗಳ ಒಳಗಿನ ಬಟನ್ ಸೆಲ್ಲು ಮುಗಿಯುತ್ತದೆ, ಸಿ.ಡಿ. ಓದುವ ಲೇಸರ್ ಮಂಕಾಗುತ್ತದೆ. ಇದೆಲ್ಲಕ್ಕಿಂತ ಕ್ರೂರವಾದದ್ದು ವಿಡಿಯೋ ಗೇಮ್ ಪಾರ್ಲರಿನ ಯಂತ್ರಗಳ ಕಥೆ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಸಿಪಿಎಸ್-2 ಎಂಬ ಬೋರ್ಡು ತಂದಿತು. ಯಾರೂ ನಕಲು ಮಾಡಬಾರದೆಂದು ಪ್ರೋಗ್ರಾಮನ್ನು ಗೂಢಲಿಪಿಯಲ್ಲಿಟ್ಟು, ಅದನ್ನು ಬಿಡಿಸುವ ಕೀಲಿಯನ್ನು ಒಂದು ಬ್ಯಾಟರಿಯ ಬಲದಿಂದ ನಿಲ್ಲುವ ಮೆಮೊರಿಯಲ್ಲಿ ಇಟ್ಟರು. ಬ್ಯಾಟರಿ ಸತ್ತ ದಿನ ಕೀಲಿ ಅಳಿಯುತ್ತದೆ, ಬೋರ್ಡು ಓಡುವುದು ನಿಲ್ಲುತ್ತದೆ. ಸಂಗ್ರಹಕಾರರೇ ಅದನ್ನು ಆತ್ಮಹತ್ಯೆಯ ಬ್ಯಾಟರಿ ಎಂದು ಕರೆಯುತ್ತಾರೆ. ಮಾಡಿದವರೇ ಸಾವನ್ನು ಒಳಗಿಟ್ಟು ಮಾರಿದ ಈ ಬೋರ್ಡಿನ ಗೂಢಲಿಪಿಯನ್ನು 2007ರಲ್ಲಿ ಪೂರ್ತಿಯಾಗಿ ಬಿಡಿಸಿದರು. ಬಿಡಿಸಿದವರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಒಬ್ಬರು. 1997ರಲ್ಲಿ ಮೇಮ್ ಎಂಬ ಎಮ್ಯುಲೇಟರ್ ಆರಂಭಿಸಿದ್ದೂ ಅವರೇ. ಇವತ್ತು ಆ ಆಟಗಳು ಬದುಕಿದ್ದರೆ, ನಕಲಿ ಎಂದು ಜರೆಸಿಕೊಂಡವರು ಸಂಬಳವಿಲ್ಲದೆ ರಾತ್ರಿಯೆಲ್ಲ ಕೂತು ಮಾಡಿದ ಕೆಲಸದಿಂದ.

ಎಮ್ಯುಲೇಟರಿನಲ್ಲಿ ಬಣ್ಣ ಸರಿಯಿಲ್ಲ, ಸದ್ದು ಸರಿಯಿಲ್ಲ ಎಂಬ ದೂರು ಇಪ್ಪತ್ತೈದು ವರ್ಷದ ಹಿಂದೆ ನಿಜವಿತ್ತು. ಈಗ ಅದನ್ನು ಹೇಳುವವರು ಆಮೇಲಿನದನ್ನು ನೋಡಿಲ್ಲ. ಬೈಯು ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ರೋಗ್ರಾಮರ್ ಒಬ್ಬರು 2004ರಿಂದ ಬಿಸ್ನೆಸ್ ಎಂಬ ಎಮ್ಯುಲೇಟರಿಗೆ ವರ್ಷಗಟ್ಟಲೆ ದುಡಿದರು. ಸೂಪರ್ ನಿಂಟೆಂಡೊ ಯಂತ್ರದ ಒಂದೊಂದು ಚಿಪ್ಪು ಒಂದೊಂದು ಕ್ಷಣದಲ್ಲಿ ಏನು ಮಾಡುತ್ತದೋ ಅದನ್ನೇ ಮಾಡಿಸುವವರೆಗೆ ಬಿಡಲಿಲ್ಲ. ಅವರು 2021ರಲ್ಲಿ ತೀರಿಕೊಂಡರು. ಡಬ್ಬವನ್ನು ಬಲ್ಲೆವೆನ್ನುವವರಲ್ಲಿ ಎಷ್ಟು ಜನ ಆ ಯಂತ್ರವನ್ನು ಅವರಷ್ಟು ಆಳವಾಗಿ ಬಲ್ಲರು?

ಗುಂಡಿ ಒತ್ತಿದ ಮೇಲೆ ತೆರೆಯಲ್ಲಿ ಕಾಣಲು ತಡವಾಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಹೊಸ ಟಿವಿಗಳು ಚಿತ್ರವನ್ನು ತಿದ್ದಿ ತೋರಿಸಲು ಹೊತ್ತು ತಿನ್ನುತ್ತವೆ. ಗೇಮ್ ಮೋಡ್ ಹಾಕಿಕೊಂಡರೆ ಬಹುಪಾಲು ಸರಿಹೋಗುತ್ತದೆ. ಲೈಟ್ ಗನ್ನಿನ ಮಾತು ಬಂದರೆ ನಾನು ಪೂರ್ತಿ ಸೋಲೊಪ್ಪುತ್ತೇನೆ. ಡಕ್ ಹಂಟ್ ಆಟದ ಬಂದೂಕು ಪಿಕ್ಚರ್ ಟ್ಯೂಬಿನ ಬೆಳಕನ್ನೇ ನಂಬಿ ಮಾಡಿದ್ದು, ಎಲ್‌ಸಿಡಿ ಮುಂದೆ ಹಿಡಿದರೆ ಕೆಲಸ ಮಾಡದು. ಬಾತುಕೋಳಿ ಹೊಡೆಯಲೇಬೇಕೆಂಬವರು ಗುಜರಿ ಅಂಗಡಿಯಲ್ಲಿ ಹಳೆಯ ಟಿವಿ ಹುಡುಕಲಿ. ಮಿಕ್ಕ ಸಾವಿರಾರು ಆಟಗಳಿಗೆ ಆ ಕಟ್ಟುಪಾಡಿಲ್ಲ.

ಅಸಲಿಯ ಹೆಸರು ಹೇಳುವವರು ಮೊದಲು ಕಂಪನಿಗಳನ್ನು ನೋಡಲಿ. 2016ರಲ್ಲಿ ನಿಂಟೆಂಡೊ ತನ್ನ ಹಳೆಯ ಯಂತ್ರದ ಪುಟ್ಟ ರೂಪವನ್ನು 30 ಆಟ ಹಾಕಿ ಮಾರಿತು. ಹೊರಗೆ ಬೂದು ಪೆಟ್ಟಿಗೆ, ಒಳಗೆ ಅಗ್ಗದ ಮೊಬೈಲಿನಲ್ಲಿ ಇರುವಂಥ ಚಿಪ್ಪು, ಅದರ ಮೇಲೆ ಲಿನಕ್ಸ್, ಅದರ ಮೇಲೆ ಎಮ್ಯುಲೇಟರ್. 2018ರಲ್ಲಿ ಸೋನಿ ತಂದ ಪ್ಲೇಸ್ಟೇಷನ್ ಕ್ಲಾಸಿಕ್ ಇನ್ನೂ ಸ್ಪಷ್ಟವಾದ ಸಾಕ್ಷಿ. ಅದರೊಳಗೆ ಓಡುತ್ತಿದ್ದದ್ದು ಹವ್ಯಾಸಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಪಿಸಿಎಸ್ಎಕ್ಸ್ ರೀಆರ್ಮ್ಡ್ ಎಂಬ ಎಮ್ಯುಲೇಟರ್. ಇದೇ ಸೋನಿ ಅದಕ್ಕೆ ಎರಡು ದಶಕ ಮುಂಚೆ ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದ್ದ ಕನೆಕ್ಟಿಕ್ಸ್ ಕಂಪನಿಯನ್ನು ಕೋರ್ಟಿಗೆ ಎಳೆದಿತ್ತು. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಪರ ತೀರ್ಪು ಕೊಟ್ಟಿತು. ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ನಕಲಿ, ಅದನ್ನೇ ಕಂಪನಿ ಮುದ್ರೆ ಒತ್ತಿ ಮಾರಿದರೆ ಅಸಲಿ ಎಂಬ ನ್ಯಾಯವನ್ನು ನಾನು ಒಪ್ಪಲಾರೆ.

ಕಳ್ಳತನದ ಆರೋಪವನ್ನು ಹಾರಿಸಿ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಎಮ್ಯುಲೇಟರ್ ಬೇರೆ, ಆಟದ ನಕಲು ಬೇರೆ. ಬೇರೆಯವರು ಹಾಕಿಟ್ಟ ಆಟದ ಪ್ರತಿಯನ್ನು ಇಳಿಸಿಕೊಳ್ಳಲು ಕಾನೂನಿನ ಒಪ್ಪಿಗೆ ಇಲ್ಲ, ಇದೆಯೆಂದು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ, ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು ಅದು ಹಾಳಾದರೆ ಇರಲಿ ಎಂದು ತಾತ್ಕಾಲಿಕ ರಕ್ಷಣೆಗೆ ನಕಲು ಮಾಡಿಟ್ಟುಕೊಳ್ಳಬಹುದು ಎನ್ನುತ್ತದೆ. ಹಕ್ಕಿನ ಅವಧಿ ಬರೆದವರು ತೀರಿಕೊಂಡ ಮೇಲೂ 60 ವರ್ಷ. ಅಷ್ಟು ಹೊತ್ತಿಗೆ ಯಾವ ಕ್ಯಾಸೆಟ್ಟೂ, ಯಾವ ಬೋರ್ಡೂ ಉಳಿದಿರುವುದಿಲ್ಲ. ಕಾನೂನು ಕಾಯುವ ಅವಧಿ ವಸ್ತುವಿನ ಆಯುಸ್ಸಿಗಿಂತ ಉದ್ದವಾದರೆ ಆ ಕಾನೂನು ಏನನ್ನು ಕಾಯುತ್ತಿದೆ?

ಮಾರಾಟಕ್ಕಿರುವುದನ್ನು ಕೊಂಡು ಆಡಿ ಎನ್ನುತ್ತಾರೆ. ಒಪ್ಪಿದೆ. ಮಾರಾಟಕ್ಕೆ ಎಷ್ಟಿದೆ? ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ತೆಗೆಯಿತು. ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಇವತ್ತು ಅಂಗಡಿಯಲ್ಲಿ ಸಿಗುವುದಿಲ್ಲ. ಕಂಪನಿಗಳು ಮಾರುವುದಿಲ್ಲ, ಬಿಟ್ಟೂ ಕೊಡುವುದಿಲ್ಲ. ಗ್ರಂಥಾಲಯಗಳು ಇಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ತೋರಿಸಲು ಅನುಮತಿ ಕೇಳಿದಾಗ ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ನಿರಾಕರಿಸಿತು.

ಅಂಕಿ ಬೇಡ, ಮುಸ್ತಫಾನನ್ನೇ ತೆಗೆದುಕೊಳ್ಳಿ. ನನ್ನ ವಯಸ್ಸಿನವರಿಗೆ ಯಾವ ಆಟ ಎಂದು ಹೇಳಬೇಕಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಪಾರ್ಲರಿನಲ್ಲಿ ಮೂವರು ಹೆಗಲಿಗೆ ಹೆಗಲು ತಾಗಿಸಿ ನಿಂತು, ಹಳದಿ ಟೋಪಿಯವನು ನನಗೇ ಎಂದು ಜಗಳ ಮಾಡಿ, ರೂಪಾಯಿಗೊಂದು ಟೋಕನ್ ಹಾಕಿ ಆಡಿದ ಆಟ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್, 1993ರಲ್ಲಿ ಕ್ಯಾಪ್‌ಕಾಮ್ ಮಾಡಿದ್ದು. ನಮ್ಮಲ್ಲಿ ಆ ಹೆಸರು ಕರೆದವರಿಲ್ಲ. ಆಟದ ನಾಲ್ಕು ಪಾತ್ರಗಳಲ್ಲಿ ಒಬ್ಬನ ಹೆಸರು ಮುಸ್ತಫಾ ಎಂದಿತ್ತು, ಆ ಹೆಸರು ನಮ್ಮ ಬೀದಿಯದಾಗಿತ್ತು, ಆಟವೇ ಮುಸ್ತಫಾ ಆಯಿತು. ಒಂದು ಕಾಮಿಕ್ಸಿನ ಹಕ್ಕು, ಒಂದು ಕಾರಿನ ಹೆಸರು ಎರಡೂ ಬೇರೆಯವರಿಂದ ಪಡೆದು ಮಾಡಿದ ಆಟವಾದ್ದರಿಂದ ಅದು ಪಾರ್ಲರ್ ಬಿಟ್ಟು ಮನೆಯ ಯಂತ್ರಕ್ಕೆ ಎಂದೂ ಬರಲಿಲ್ಲ. 2018ರಲ್ಲಿ ಕ್ಯಾಪ್‌ಕಾಮ್ ತನ್ನ ಹೊಡೆದಾಟದ ಹಳೆಯ ಆಟಗಳನ್ನು ಏಳರ ಕಟ್ಟಾಗಿ ಮಾರಿದಾಗಲೂ ಮುಸ್ತಫಾ ಅದರಲ್ಲಿರಲಿಲ್ಲ. ನಮ್ಮೂರ ಪಾರ್ಲರ್ ಮುಚ್ಚಿದಾಗ ಆ ಬೋರ್ಡು ಗುಜರಿಗೆ ಹೋಯಿತು. ಇವತ್ತು ನಾನು ದುಡ್ಡು ಕೈಯಲ್ಲಿ ಹಿಡಿದು ನಿಂತರೂ ತೆಗೆದುಕೊಳ್ಳುವವರಿಲ್ಲ. ಅಂಥ ಆಟವನ್ನು ಮೇಮ್‌ನಲ್ಲಿ ಆಡಿದವನನ್ನು ಕಳ್ಳ ಎನ್ನುವವರು, ಅವನು ಯಾರ ಜೇಬಿನಿಂದ ಎಷ್ಟು ಕದ್ದ ಎಂಬುದನ್ನೂ ಹೇಳಬೇಕು.

ಈ ಎಲ್ಲ ಅಸಲಿತನದ ಹಟ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ ಸೀಲು ಒಡೆಯದ ಒಂದು ಸೂಪರ್ ಮಾರಿಯೋ 64 ಕ್ಯಾಸೆಟ್ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಲಕ್ಷಗಟ್ಟಲೆ ಪ್ರತಿ ಮಾರಿದ, ಎಲ್ಲೆಲ್ಲೂ ಸಿಗುತ್ತಿದ್ದ ಆಟ ಅದು. ಅದರ ಬೆಲೆ ಇರುವುದು ಯಾರೂ ಆಡಿಲ್ಲ, ಆಡುವುದೂ ಇಲ್ಲ ಎಂಬುದರಲ್ಲಿ. ಸೀಲು ಒಡೆದರೆ ಬೆಲೆ ಬಿತ್ತು. ಮಕ್ಕಳು ನಗಲಿ ಎಂದು ಜನ ಕೂತು ಮಾಡಿದ ಒಂದು ಕೃತಿಗೆ ಇದಕ್ಕಿಂತ ದೊಡ್ಡ ಅವಮಾನ ನನಗೆ ತಿಳಿದಿಲ್ಲ. ದೂರದ ಆ ಹರಾಜಿನ ಬಿಸಿ ಇಲ್ಲಿಗೂ ತಟ್ಟುತ್ತದೆ. ನನ್ನ ಅಳಿಯನಿಗೆ ಹಳದಿಗಟ್ಟಿದ ಪೆಟ್ಟಿಗೆಯನ್ನು ಇಪ್ಪತ್ತೆರಡು ಸಾವಿರಕ್ಕೆ ಕೊಡುತ್ತೇನೆ ಎನ್ನುವವನು ಆಟ ಮಾರುತ್ತಿಲ್ಲ.

ಹಾಗಾದರೆ ಕೈಯಲ್ಲಿ ಹೆಚ್ಚು ದುಡ್ಡಿಲ್ಲದವನು ಏನು ಮಾಡಬೇಕು? ಮನೆಯಲ್ಲಿರುವುದನ್ನು ಮೊದಲು ನೋಡಬೇಕು. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪ್ 1990ರ ದಶಕದ ಬಹುತೇಕ ಎಲ್ಲ ಯಂತ್ರಗಳ ಕೆಲಸವನ್ನೂ ಸಲೀಸಾಗಿ ಮಾಡುತ್ತದೆ, ಮೊಬೈಲೂ ಅಷ್ಟೆ. ರೆಟ್ರೋಆರ್ಕ್ ಎಂಬ ತಂತ್ರಾಂಶ ಉಚಿತ. ಎಮ್ಯುಲೇಟರ್‌ಗಳನ್ನು ಬಹುಕಾಲ ಬಾಗಿಲಲ್ಲೇ ತಡೆದಿದ್ದ ಆಪಲ್ ಕೂಡ 2024ರ ಏಪ್ರಿಲ್‌ನಲ್ಲಿ ಅವನ್ನು ಒಳಗೆ ಬಿಟ್ಟಿತು. ಖರ್ಚು ಮಾಡಲೇಬೇಕಾದದ್ದು ಒಂದೇ, ಗೇಮ್‌ಪ್ಯಾಡ್. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಗಾಜಿನ ಮೇಲೆ ಬೆರಳು ಒತ್ತಿ ಕಾಂಟ್ರಾ ಆಡಿ ಬೇಸರಪಟ್ಟವರು ಎಮ್ಯುಲೇಟರನ್ನು ಬೈಯುತ್ತಾರೆ, ತಪ್ಪು ಗಾಜಿನದು.

ಆಟಗಳಲ್ಲಿ ಕೊಳ್ಳಲು ಸಿಗುವುದನ್ನು ಕೊಳ್ಳಬೇಕು. ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯೇ 2019ರಲ್ಲಿ ಹಳೆಯ ಕಾಂಟ್ರಾ ಆಟಗಳನ್ನು ಒಂದು ಕಟ್ಟು ಮಾಡಿ ಬಿಟ್ಟಿದೆ, ರಿಯಾಯಿತಿ ಬಂದಾಗ ಒಂದು ಸಿನಿಮಾ ಟಿಕೆಟ್ಟಿನ ದುಡ್ಡಿಗೆ ಬರುತ್ತದೆ. ಹಳೆಯ ಕಂಪ್ಯೂಟರ್ ಆಟಗಳಿಗೆ ಪೋಲೆಂಡಿನವರು 2008ರಲ್ಲಿ ತೆರೆದ ಗಾಗ್ ಅಂಗಡಿ ಇದೆ, ಕೊಂಡದ್ದಕ್ಕೆ ಬೀಗ ಹಾಕದೆ ಕೊಡುತ್ತಾರೆ. ದುಡ್ಡೇ ಇಲ್ಲದಿದ್ದರೂ ನ್ಯಾಯವಾಗಿ ಸಿಗುವುದು ಇದೆ. ಬಿನೀತ್ ಎ ಸ್ಟೀಲ್ ಸ್ಕೈ ಎಂಬ 1994ರ ಸೊಗಸಾದ ಕಥೆಯಾಟವನ್ನು ಮಾಡಿದವರೇ 2003ರಲ್ಲಿ ಉಚಿತವಾಗಿ ಬಿಟ್ಟರು, ಸ್ಕಮ್‌ವಿಎಂ ಎಂಬ ತಂತ್ರಾಂಶದಲ್ಲಿ ಓಡುತ್ತದೆ. ನಮ್ಮ ಕಂಪ್ಯೂಟರ್ ಲ್ಯಾಬುಗಳಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಆಡಿದ ಪ್ರಿನ್ಸ್ ಆಫ್ ಪರ್ಷಿಯಾ ಇದೆಯಲ್ಲ, ಅದನ್ನು 1989ರಲ್ಲಿ ಬರೆದ ಜೋರ್ಡನ್ ಮೆಕ್ನರ್, ಕಳೆದೇ ಹೋಯಿತೆಂದುಕೊಂಡಿದ್ದ ಮೂಲ ಫ್ಲಾಪಿಗಳು ಅವರ ತಂದೆಗೆ ಸಿಕ್ಕ ಮೇಲೆ 2012ರಲ್ಲಿ ಅದರ ಸೋರ್ಸ್ ಕೋಡನ್ನೇ ಎಲ್ಲರ ಮುಂದಿಟ್ಟರು. ಬರೆದವನೇ ಹೀಗೆ ಅಂಗೈ ಬಿಚ್ಚಿ ತೋರಿಸಿದ ಮೇಲೆ, ಡಬ್ಬ ಹಿಡಿದವರು ಮುಷ್ಟಿ ಬಿಗಿಯುವುದಕ್ಕೆ ಅರ್ಥವಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಅಗ್ಗದ ಪರ ಇಲ್ಲ. ಹತ್ತು ಸಾವಿರ ಆಟ ತುಂಬಿದ ಮೆಮೊರಿ ಕಾರ್ಡ್ ಎಂದು ಮಾರುತ್ತಾರಲ್ಲ, ಅದಕ್ಕೆ ದುಡ್ಡು ಕೊಡಬಾರದು. ಅಲ್ಲಿ ದುಡ್ಡು ಹೋಗುವುದು ಆಟ ಬರೆದವರಿಗೂ ಅಲ್ಲ, ಎಮ್ಯುಲೇಟರ್ ಬರೆದು ಉಚಿತವಾಗಿ ಕೊಟ್ಟವರಿಗೂ ಅಲ್ಲ. ಆಡುವವನಿಗೂ ಅದರಿಂದ ಲಾಭವಿಲ್ಲ. ಹತ್ತು ಸಾವಿರದ ಪಟ್ಟಿಯಲ್ಲಿ ಬೆರಳು ಆಡಿಸುತ್ತ ಒಂದನ್ನೂ ಮುಗಿಸದ ಹುಡುಗರನ್ನು ಕಂಡಿದ್ದೇನೆ. ನಮಗೆ ಒಂದು ಕ್ಯಾಸೆಟ್ ಇತ್ತು, ಅದರಲ್ಲಿ ನಿಜವಾದ ಆಟ ನಾಲ್ಕೋ ಐದೋ. ಕಾಂಟ್ರಾದ ಒಂದೊಂದು ಗುಂಡು ಎಲ್ಲಿಂದ ಬರುತ್ತದೆ ಎಂದು ನಮಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಯುಗಾದಿಯ ಮಾರನೆಯ ದಿನ ಅಳಿಯನ ಜೊತೆ ಗಾಂಧಿ ಬಜಾರಿಗೆ ಹೋದೆ. ಒಂದು ಗೇಮ್‌ಪ್ಯಾಡ್ ಸಾಕೆಂದಿದ್ದೆ, ಎರಡು ತಗೊಳ್ಳೋಣ ಎಂದ. ಮಧ್ಯಾಹ್ನ ಹಜಾರದಲ್ಲಿ ಅವರಪ್ಪನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಕಾಂಟ್ರಾ ಹಾಕಿದೆವು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಮೂವತ್ತು ಜೀವ. ಬೆರಳಿಗೆ ಇನ್ನೂ ನೆನಪಿತ್ತು. ಕಾಡು ದಾಟಿ ಸೇತುವೆಯ ಮೇಲೆ ಕಾಲಿಟ್ಟೆವು. ಅದು ಕಾಲ ಕೆಳಗೇ ಒಂದೊಂದು ತುಂಡಾಗಿ ಸಿಡಿಯತೊಡಗಿತು. ನಾನು ಎಗರಿ ಆಚೆ ಸೇರಿದೆ, ಅವನು ಕೆಳಗೆ ಬಿದ್ದ.

"ಅಯ್ಯೋ, ನೀರಿಗೆ ಬಿದ್ದೆ ಮಾವ! ಸತ್ತೆ!"

"ಸಾಯಲ್ಲ ಕಣೋ, ಈಜ್ತಾ ಬಾ. ಮುಂದೆ ದಡ ಇದೆ."